ಗ್ಯಾಲರಿಗೆ ಸಹಿ ಉಂಟು, ಗೇಟಿಗೆ ಯಾರ ಸಹಿ?

ಮಾನ್ಯ ಸಂಪಾದಕರೇ,

2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿನಲ್ಲಿ ನಡೆಸುವುದೆಂದು 2025ರ ನವೆಂಬರ್ 26ರಂದು ಗ್ಲಾಸ್ಗೋದಲ್ಲಿ ತೀರ್ಮಾನವಾದ ಮೇಲೆ, ಅಲ್ಲಿ ಏಳಲಿರುವ ಕ್ರೀಡಾಂಗಣ, ಕ್ರೀಡಾಗ್ರಾಮ, ರಸ್ತೆ, ಮೆಟ್ರೊಗಳ ಸುದ್ದಿಯನ್ನು ತಪ್ಪದೆ ಓದುತ್ತಾ ಬಂದಿದ್ದೇನೆ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಎಂಜಿನಿಯರಾಗಿ ದುಡಿದು ನಿವೃತ್ತನಾದವನಿಗೆ ಕಾಂಕ್ರೀಟಿನ ಸುದ್ದಿ ಬಿಡಲಾಗದ ಚಟ. ಆದರೆ ಇಷ್ಟೆಲ್ಲ ಸುದ್ದಿಯ ನಡುವೆ, ಈ ಕ್ರೀಡಾಂಗಣಗಳ ಬಾಗಿಲಲ್ಲಿ ನಿಲ್ಲುವವರು ಯಾರು, ಅವರನ್ನು ಯಾವಾಗ ನೇಮಿಸುತ್ತಾರೆ, ಅವರು ಬಾರದೆ ಹೋದರೆ ಹೊಣೆ ಯಾರದು ಎಂಬ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕಟ್ಟುವ ಸಂಸ್ಥೆಯನ್ನು ಆರಿಸುವಾಗ ತೋರಿಸಿದ ಎಚ್ಚರವನ್ನು ಕಾಯುವ ಸಂಸ್ಥೆಯನ್ನು ಆರಿಸುವಾಗ ತೋರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ 2012ರ ಲಂಡನ್ ಒಲಿಂಪಿಕ್ಸ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ತುಸು ದೀರ್ಘವಾದರೂ ಅದನ್ನು ನಿಮ್ಮ ಓದುಗರ ಮುಂದಿಡಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಲಂಡನ್ ಕಟ್ಟಿದ ಬಗೆಯನ್ನು ಮೊದಲು ನೋಡಬೇಕು. 2005ರ ಜುಲೈ 6ರಂದು ಸಿಂಗಪುರದಲ್ಲಿ ಪ್ಯಾರಿಸ್ಸನ್ನು 54–50 ಮತಗಳಿಂದ ಹಿಂದಿಕ್ಕಿ ಕೂಟವನ್ನು ಗೆದ್ದುಕೊಂಡ ಮರುವರ್ಷವೇ ಬ್ರಿಟನ್ನಿನ ಪಾರ್ಲಿಮೆಂಟು ಇದಕ್ಕೆಂದೇ ಒಂದು ಕಾಯ್ದೆ ಮಾಡಿತು. ಆ ಕಾಯ್ದೆಯಡಿ ಹುಟ್ಟಿದ ಒಲಿಂಪಿಕ್ ಡೆಲಿವರಿ ಅಥಾರಿಟಿ ಎಂಬ ಸರ್ಕಾರಿ ಪ್ರಾಧಿಕಾರದ ಮುಖ್ಯ ಕೆಲಸ ಕಟ್ಟುವುದು. ಕೂಟವನ್ನು ನಡೆಸುವ ಕೆಲಸ ಸೆಬಾಸ್ಟಿಯನ್ ಕೋ ಎಂಬವರು ಅಧ್ಯಕ್ಷರಾಗಿದ್ದ ಲೊಕಾಗ್ ಎಂಬ ಸಂಘಟನಾ ಸಮಿತಿಯದು. ಕಟ್ಟುವವರಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಟಿಕೆಟ್ ಮಾರುವವರಿಗೆ ಸಿಮೆಂಟಿನ ಚಿಂತೆಯಿಲ್ಲ. ಪ್ರಾಧಿಕಾರವು ಸಾವಿರಾರು ಎಂಜಿನಿಯರುಗಳನ್ನು ತಾನೇ ನೇಮಿಸಿಕೊಳ್ಳಲು ಹೋಗದೆ, ಸಿಎಚ್‌2ಎಂ ಹಿಲ್, ಲೈಂಗ್ ಒ’ರೂರ್ಕ್, ಮೇಸ್ ಎಂಬ ಮೂರು ಕಂಪನಿಗಳು ಕೂಡಿಕೊಂಡು ಕಟ್ಟಿದ ಸಿಎಲ್‌ಎಂ ಎಂಬ ಒಕ್ಕೂಟವನ್ನು 2006ರಲ್ಲಿ ನಿರ್ವಹಣಾ ಪಾಲುದಾರನನ್ನಾಗಿ ಇಟ್ಟುಕೊಂಡಿತು. ಅದರ ಕೆಳಗೆ ಒಂದೊಂದು ಕಟ್ಟಡಕ್ಕೆ ಒಬ್ಬೊಬ್ಬ ಗುತ್ತಿಗೆದಾರ: ಮುಖ್ಯ ಕ್ರೀಡಾಂಗಣಕ್ಕೆ ಸರ್ ರಾಬರ್ಟ್ ಮ್ಯಾಕಾಲ್ಪೈನ್, ಝಹಾ ಹದೀದ್ ವಿನ್ಯಾಸದ ಈಜುಕೊಳಕ್ಕೆ ಬಾಲ್ಫೋರ್ ಬೀಟಿ, ಕ್ರೀಡಾಗ್ರಾಮಕ್ಕೆ ಲೆಂಡ್ ಲೀಸ್. ಯಾವ ಗೋಡೆ ಬಿರುಕು ಬಿಟ್ಟರೂ ಯಾರನ್ನು ಕರೆದು ಕೇಳಬೇಕೆಂಬುದು ಕಾಗದದ ಮೇಲೆ ಮೊದಲೇ ಇತ್ತು.

ಜಾಗವಾದರೂ ಎಂಥದ್ದು? ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡಿನ ಬಳಿ, ಲೀ ನದಿಯ ತಗ್ಗಿನಲ್ಲಿ, ತಲೆಮಾರುಗಳ ಕಾರ್ಖಾನೆಗಳ ಎಣ್ಣೆ, ಟಾರು, ಸೀಸ, ಆರ್ಸೆನಿಕ್ಕುಗಳನ್ನು ಕುಡಿದು ಕುಳಿತಿದ್ದ ನೆಲ. ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಕೆಡವಿದರು. 52 ವಿದ್ಯುತ್ ಗೋಪುರಗಳನ್ನು ಕಿತ್ತು ಆ ತಂತಿಗಳನ್ನೆಲ್ಲ ನೆಲದಡಿಯ ಸುರಂಗಗಳಿಗೆ ಇಳಿಸಿದರು. ಮಣ್ಣನ್ನು ಅಗೆದು, ಯಂತ್ರಕ್ಕೆ ಹಾಕಿ, ಬಟ್ಟೆ ಒಗೆದಂತೆ ತೊಳೆದು, ಅದೇ ಜಾಗಕ್ಕೆ ಮತ್ತೆ ಹಾಸಿದರು. ರಸ್ತೆಬದಿಯ ಮಣ್ಣನ್ನೇ ತಂದು ಒಡ್ಡಿಗೆ ಸುರಿಯುವ ಗುತ್ತಿಗೆದಾರರ ಜೊತೆ ಏಗಿದ ನನಗೆ ಇದನ್ನು ಮೊದಲು ಓದಿದಾಗ ನಂಬಿಕೆ ಬರಲಿಲ್ಲ. ಇದೆಲ್ಲ ನಡೆಯುವಾಗ ಕ್ಲೇಸ್ ಲೇನ್ ಎಂಬ ವಸತಿ ಸಹಕಾರ ಸಂಘದ ನಿವಾಸಿಗಳನ್ನೂ, ಮ್ಯಾನರ್ ಗಾರ್ಡನ್ ಎಂಬಲ್ಲಿ ತುಂಡು ನೆಲದಲ್ಲಿ ತರಕಾರಿ ಬೆಳೆದುಕೊಂಡಿದ್ದವರನ್ನೂ ಎಬ್ಬಿಸಿದರು ಎಂಬುದನ್ನು ಮರೆಮಾಚಬಾರದು. ಒಕ್ಕಲೆಬ್ಬಿಸುವುದು ಎಲ್ಲ ದೇಶದಲ್ಲೂ ಒಂದೇ ಥರ ಕಾಣುತ್ತದೆ. ಕೊಡುವ ನೋಟಿಸಿನ ಕಾಗದ ಮಾತ್ರ ಅಲ್ಲಿ ದಪ್ಪವಿರಬಹುದು.

ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿರುವುದು ಅವರ ಕಾಲದ ಲೆಕ್ಕ. ಏಳು ವರ್ಷಗಳನ್ನು ಅವರು ಮೂರು ಪಾಲು ಮಾಡಿಕೊಂಡರು: ಯೋಜನೆಗೆ ಎರಡು, ಕಟ್ಟಲು ನಾಲ್ಕು, ಕಟ್ಟಿದ್ದನ್ನು ಪರೀಕ್ಷಿಸಿ ನೋಡಲು ಒಂದು. ಕಾಗದದ ಮೇಲೆಯೇ ಎರಡು ವರ್ಷ ಕಳೆಯಲು ಒಪ್ಪುವ ಮಂತ್ರಿಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ನಮ್ಮಲ್ಲಿ ಗುದ್ದಲಿ ಪೂಜೆಯ ಕಲ್ಲು ಮೊದಲು, ನಕ್ಷೆ ಆಮೇಲೆ. ಅಲ್ಲಿ ಇಂತಿಷ್ಟು ಹೊತ್ತಿಗೆ ಇಂತಿಷ್ಟು ಕೆಲಸ ಮುಗಿಸುತ್ತೇವೆಂದು ಗುರಿಗಳ ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಿ, ಗಡುವು ಬಂದಾಗ ಯಾವುದು ಮುಗಿಯಿತು, ಯಾವುದು ಉಳಿಯಿತು ಎಂಬುದನ್ನೂ ಜನರ ಮುಂದಿಡುತ್ತಿದ್ದರು. ಮುಖ್ಯ ಕ್ರೀಡಾಂಗಣ 2011ರ ಮಾರ್ಚ್‌ನಲ್ಲಿ, ಉದ್ಘಾಟನೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಇರುವಾಗಲೇ, ಸಿದ್ಧವಾಗಿ ನಿಂತಿತು.

ಗುತ್ತಿಗೆಯ ಕರಾರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಟೆಂಡರ್ ಕೆಲಸ ಬಲ್ಲ ಓದುಗರಿಗೆ ಇದು ರುಚಿಸೀತು. ಅತಿ ಕಡಿಮೆ ದರ ಕೂಗಿದವನಿಗೆ ಕೆಲಸ ಕೊಟ್ಟು, ಆಮೇಲೆ ಹೆಚ್ಚುವರಿ ಕೆಲಸದ ಹೆಸರಿನಲ್ಲಿ ಎಸ್ಟಿಮೇಟ್ ಉಬ್ಬುವುದನ್ನು ನೋಡುತ್ತ ಕೂರುವ ಪದ್ಧತಿಯನ್ನು ಬಿಟ್ಟು, ಎನ್‌ಇಸಿ3 ಎಂಬ ಕರಾರಿನಡಿ ಒಂದು ಗುರಿ ವೆಚ್ಚವನ್ನು ಗೊತ್ತುಮಾಡುತ್ತಿದ್ದರು. ಅದಕ್ಕಿಂತ ಕಡಿಮೆಯಲ್ಲಿ ಮುಗಿದರೆ ಉಳಿತಾಯದಲ್ಲಿ ಇಬ್ಬರಿಗೂ ಪಾಲು, ಮೀರಿದರೆ ಹೊರೆಯಲ್ಲೂ ಇಬ್ಬರಿಗೂ ಪಾಲು. ಹೀಗಾಗಿ ತೊಂದರೆಯನ್ನು ಕಡೆಯ ಬಿಲ್ಲಿನವರೆಗೆ ಬಚ್ಚಿಡುವುದರಿಂದ ಗುತ್ತಿಗೆದಾರನಿಗೆ ಲಾಭವಿಲ್ಲ. ಮುಂಚೆಯೇ ಹೇಳಿಬಿಡುವುದೇ ಲಾಭ. ಕೋಟಿಗಟ್ಟಲೆ ಗಂಟೆಗಳ ಆ ದುಡಿಮೆಯಲ್ಲಿ ಒಲಿಂಪಿಕ್ ಪಾರ್ಕಿನ ನಿರ್ಮಾಣದ ವೇಳೆ ಅಪಘಾತದಿಂದ ಒಬ್ಬ ಕೆಲಸಗಾರನೂ ಸಾಯಲಿಲ್ಲ ಎಂಬುದನ್ನು ಇದಕ್ಕಿಂತಲೂ ದೊಡ್ಡ ಸಾಧನೆಯೆಂದು ನಾನು ತಿಳಿಯುತ್ತೇನೆ. ಕೆಲಸದ ಜಾಗದಲ್ಲೇ ಆರೋಗ್ಯ ಕೇಂದ್ರವಿತ್ತು. ‘ಸ್ವಲ್ಪದರಲ್ಲಿ ತಪ್ಪಿತು’ ಎನ್ನುವಂಥ ಘಟನೆಗಳನ್ನೂ ಬರೆದಿಡುತ್ತಿದ್ದರು. ಸೆಂಟ್ರಿಂಗ್ ಕುಸಿದಾಗ ‘ಪುಣ್ಯಕ್ಕೆ ಯಾರೂ ಇರಲಿಲ್ಲ’ ಎಂದು ಮೇಸ್ತ್ರಿ ನಿಟ್ಟುಸಿರುಬಿಟ್ಟು ಮರುದಿನ ಅದೇ ಬೊಂಬುಗಳನ್ನು ಮತ್ತೆ ನಿಲ್ಲಿಸುವುದನ್ನು ಕಂಡಿರುವ ನನಗೆ, ಆ ಬರೆದಿಡುವ ಅಭ್ಯಾಸದ ಬೆಲೆ ಗೊತ್ತು.

ಹೊಗಳಿಕೆ ಇಲ್ಲಿಗೆ ಸಾಕು. 2007ರಲ್ಲಿ ಗೊತ್ತುಮಾಡಿದ 930 ಕೋಟಿ ಪೌಂಡಿನ ಒಳಗೇ ಕೂಟ ಮುಗಿಯಿತೆಂದು ಅವರು ಬೀಗಿದರೂ, ಆ ಮೊತ್ತ ಬಿಡ್ಡಿನ ಹೊತ್ತಿನಲ್ಲಿ ಜನರಿಗೆ ಹೇಳಿದ್ದ ಅಂದಾಜಿನ ಎರಡು ಪಟ್ಟನ್ನೂ ಮೀರಿತ್ತು. 80 ಸಾವಿರ ಆಸನಗಳ ಕ್ರೀಡಾಂಗಣವನ್ನು ಕೂಟದ ನಂತರ ಫುಟ್‌ಬಾಲಿಗೆ ಒಗ್ಗಿಸಲು ಮತ್ತೆ 32 ಕೋಟಿ ಪೌಂಡಿಗೂ ಹೆಚ್ಚು ಸುರಿಯಬೇಕಾಯಿತು. ಅದೇ ಕ್ರೀಡಾಂಗಣಕ್ಕೆ ಸುತ್ತುವ ಬಟ್ಟೆಯ ಪ್ರಾಯೋಜಕತ್ವವನ್ನು, ಭೋಪಾಲ ಅನಿಲ ದುರಂತದ ಯೂನಿಯನ್ ಕಾರ್ಬೈಡನ್ನು ಆಮೇಲೆ ಕೊಂಡುಕೊಂಡ ಡೌ ಕೆಮಿಕಲ್ ಕಂಪನಿಗೆ ಕೊಟ್ಟಾಗ ಭೋಪಾಲದ ಸಂತ್ರಸ್ತರು ಬೀದಿಗಿಳಿದರು. ಕೂಟದ ಮೇಲೆ ಕಣ್ಣಿಡಲು ನೇಮಕವಾಗಿದ್ದ ಆಯೋಗದ ಸದಸ್ಯೆ ಮೆರೆಡಿತ್ ಅಲೆಗ್ಸಾಂಡರ್ 2012ರ ಜನವರಿಯಲ್ಲಿ ಅದೇ ಕಾರಣಕ್ಕೆ ರಾಜೀನಾಮೆ ಕೊಟ್ಟರು. ಆದರೂ ಒಟ್ಟಿನಲ್ಲಿ ಕಟ್ಟುವ ಕೆಲಸ ಮಾತ್ರ ಕಣ್ಣಿಗೊತ್ತಿಕೊಳ್ಳುವಂತೆ ನಡೆಯಿತು ಎನ್ನಲು ನನಗೆ ಅಳುಕಿಲ್ಲ.

ಇಂಥ ಶಿಸ್ತಿನ ಮನೆಯಲ್ಲೇ ಕಾವಲಿನ ಕೆಲಸ ಹಳಿ ತಪ್ಪಿತು. ಕೂಟ ಸಿಕ್ಕ ಮರುದಿನವೇ, 2005ರ ಜುಲೈ 7ರಂದು, ಲಂಡನ್ನಿನ ಸುರಂಗ ರೈಲು ಮತ್ತು ಬಸ್ಸಿನಲ್ಲಿ ಬಾಂಬುಗಳು ಸಿಡಿದು 52 ಮಂದಿ ಸತ್ತಿದ್ದರು. ಆದ್ದರಿಂದ ಭದ್ರತೆಯನ್ನು ಅವರು ಹಗುರವಾಗಿ ಎಣಿಸಿದರೆಂದು ಯಾರೂ ಹೇಳಲಾರರು. ಥೇಮ್ಸ್ ನದಿಯಲ್ಲಿ ಎಚ್‌ಎಂಎಸ್ ಓಷನ್ ಎಂಬ ಯುದ್ಧನೌಕೆ ಲಂಗರು ಹಾಕಿತು, ಯುದ್ಧವಿಮಾನಗಳು ಸಜ್ಜಾಗಿದ್ದವು, ಲೇಟನ್‌ಸ್ಟೋನಿನ ಫ್ರೆಡ್ ವಿಗ್ ಟವರ್ ಎಂಬ ವಸತಿ ಕಟ್ಟಡದ ತಾರಸಿಯ ಮೇಲೆ ಕ್ಷಿಪಣಿಗಳನ್ನು ಇಡಲು ಹೊರಟಾಗ ಅಲ್ಲಿನ ನಿವಾಸಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿ ಸೋತುಬಂದರು. ಆಕಾಶವನ್ನು ಕಾಯಲು ಇಷ್ಟೆಲ್ಲ ಸಿದ್ಧತೆ. ಕೊರತೆ ಬಿದ್ದದ್ದು ನೆಲದ ಮೇಲೆ, ಬಾಗಿಲಲ್ಲಿ ನಿಂತು ಚೀಲ ತಡವಿ ಒಳಗೆ ಬಿಡುವ ಜನಕ್ಕೆ.

ಬೇಲಿಯ ಹೊರಗಿನ ಹೊಣೆ ಪೊಲೀಸರದು, ಬೇಲಿಯ ಒಳಗಿನ ಹೊಣೆ ಸಂಘಟನಾ ಸಮಿತಿಯದು ಎಂದು ಹಂಚಿಕೊಂಡಿದ್ದರು. ಒಳಗಿನ ಕಾವಲಿಗೆ ಹತ್ತು ಸಾವಿರ ಜನ ಸಾಕೆಂಬ ಎಣಿಕೆಯ ಮೇಲೆ 2010ರ ಡಿಸೆಂಬರಿನಲ್ಲಿ ಜಿಫೋರ್‌ಎಸ್ ಎಂಬ ಜಗತ್ತಿನ ಅತಿ ದೊಡ್ಡ ಭದ್ರತಾ ಕಂಪನಿಗೆ 8.6 ಕೋಟಿ ಪೌಂಡಿನ ಗುತ್ತಿಗೆ ಕೊಟ್ಟರು. ಆಮೇಲೆ ಒಂದೊಂದು ಬಾಗಿಲನ್ನೂ ಎಣಿಸುತ್ತ ಹೋದಾಗ ಬೇಕಾದ ಜನ 23,700ರವರೆಗೆ ಏರಿತು. 2011ರ ಡಿಸೆಂಬರಿನಲ್ಲಿ, ಕೂಟಕ್ಕೆ ಏಳೇ ತಿಂಗಳಿರುವಾಗ, ಕರಾರನ್ನು ತಿದ್ದಿ ಆ ಒಂದೇ ಕಂಪನಿಯ ಪಾಲಿಗೆ 10,400 ಜನರನ್ನು ಹೊರಿಸಿ, ಮೊತ್ತವನ್ನು 28.4 ಕೋಟಿ ಪೌಂಡಿಗೆ ಏರಿಸಿದರು. ಕ್ರೀಡಾಂಗಣಗಳ ಭದ್ರತೆಯ ಒಟ್ಟು ಬಜೆಟ್ 28.2 ಕೋಟಿಯಿಂದ 55.3 ಕೋಟಿ ಪೌಂಡಿಗೆ ಹಾರಿತು. ಕ್ರೀಡಾಂಗಣದ ಮೊಳೆ ಮೊಳೆಯ ಲೆಕ್ಕವನ್ನು ನಾಲ್ಕು ವರ್ಷ ಮುಂಚೆ ಇಟ್ಟಿದ್ದವರು, ಅದೇ ಕ್ರೀಡಾಂಗಣದ ಗೇಟಿನಲ್ಲಿ ಎಷ್ಟು ಜನ ನಿಲ್ಲಬೇಕೆಂಬ ಲೆಕ್ಕವನ್ನು ಏಳು ತಿಂಗಳು ಮುಂಚೆ ಬರೆದರು. ತಪ್ಪು ಬೇರೂರಿದ್ದು ಅಲ್ಲಿ ಎಂಬುದು ನನ್ನ ಅಭಿಪ್ರಾಯ.

2012ರ ಜುಲೈ 11ರಂದು, ಉದ್ಘಾಟನೆಗೆ ಹದಿನಾರು ದಿನಗಳಿರುವಾಗ, ಒಪ್ಪಿಕೊಂಡಷ್ಟು ಜನರನ್ನು ಕೊಡಲಾಗದೆಂದು ಕಂಪನಿ ಕೈಚೆಲ್ಲಿತು. ಮರುದಿನವೇ 3,500 ಸೈನಿಕರಿಗೆ ಕರೆ ಹೋಯಿತು. ಜುಲೈ 24ರಂದು ಇನ್ನೂ 1,200 ಮಂದಿಗೆ. ಮೊದಲೇ ಗೊತ್ತಾಗಿದ್ದ 13,500 ಮಂದಿಯನ್ನೂ ಸೇರಿಸಿದರೆ ಕೂಟಕ್ಕೆ ದುಡಿದ ಸೇನಾ ಸಿಬ್ಬಂದಿ 18,200. ಆ ದಿನಗಳಲ್ಲಿ ಆಫ್ಘಾನಿಸ್ತಾನದಲ್ಲಿದ್ದ ಬ್ರಿಟಿಷ್ ಸೈನಿಕರಿಗಿಂತಲೂ ಹೆಚ್ಚು. ಪಾರ್ಲಿಮೆಂಟಿನ ಗೃಹ ವ್ಯವಹಾರಗಳ ಸಮಿತಿಯ ಮುಂದೆ ಜುಲೈ 17ರಂದು ಹಾಜರಾದ ಕಂಪನಿಯ ಮುಖ್ಯಸ್ಥ ನಿಕ್ ಬಕಲ್ಸ್ ಅವರನ್ನು, ಇದು ನಾಚಿಕೆಗೇಡಿನ ಅಧ್ವಾನ ಹೌದೋ ಅಲ್ಲವೋ ಎಂದು ಸದಸ್ಯರೊಬ್ಬರು ಕೇಳಿದಾಗ, ಅಲ್ಲವೆನ್ನಲು ಅವರಿಂದಾಗಲಿಲ್ಲ. ಕಂಪನಿಗೆ ಕೊನೆಗೆ ಸುಮಾರು 7 ಕೋಟಿ ಪೌಂಡ್ ನಷ್ಟವಾಯಿತು.

ಇಲ್ಲಿ ಕಂಪನಿಯನ್ನು ಬೈದು ಮುಗಿಸುವುದು ಸುಲಭ. ಆದರೆ ಕಾವಲುಗಾರನನ್ನು ಒದಗಿಸುವುದು ಸಿಮೆಂಟು ಒದಗಿಸಿದಂತಲ್ಲ ಎಂಬುದನ್ನು ಕರಾರು ಬರೆದವರೇ ಮರೆತಿದ್ದರು. ಸಿಮೆಂಟನ್ನಾದರೂ ಎರಡು ಮೂರು ತಿಂಗಳು ಗೋದಾಮಿನಲ್ಲಿ ಪೇರಿಸಿಡಬಹುದು. ಕಲಿಸಿ ಸಿದ್ಧಪಡಿಸಿದ ಮನುಷ್ಯನನ್ನು ಸಂಬಳವಿಲ್ಲದೆ ಒಂದು ವಾರವೂ ಇಟ್ಟುಕೊಳ್ಳಲಾಗದು, ಅವನು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾನೆ. ಹಾಗಾಗಿ ಇಡೀ ನೇಮಕಾತಿ ಕೊನೆಯ ವಾರಗಳಿಗೆ ಬಂದು ಬೀಳುತ್ತದೆ. ಅರ್ಜಿ ಹಾಕಿದವರಿಗೆ, ಸಂದರ್ಶನ ಮುಗಿಸಿದವರಿಗೆ ಕೊರತೆಯಿರಲಿಲ್ಲ. ಅವರ ಪೂರ್ವಾಪರ ಪರಿಶೀಲಿಸಿ, ತರಬೇತಿ ಕೊಟ್ಟು, ಪರವಾನಗಿ ಮಾಡಿಸಿ, ಗುರುತಿನ ಚೀಟಿ ಮತ್ತು ಸಮವಸ್ತ್ರ ಹಂಚಿ, ಇಂಥ ದಿನ ಇಂಥ ಗೇಟಿಗೆ ಬಾ ಎಂದು ಪಾಳಿ ಹಾಕುವುದರೊಳಗೆ ಎಲ್ಲವೂ ಸಿಕ್ಕುಸಿಕ್ಕಾಯಿತು. ತರಬೇತಿ ಮುಗಿಸಿದ ಎಷ್ಟೋ ಮಂದಿ ಎಲ್ಲಿಗೆ ಹೋಗಬೇಕೆಂಬ ಸಂದೇಶಕ್ಕಾಗಿ ಫೋನು ಹಿಡಿದು ಮನೆಯಲ್ಲೇ ಕುಳಿತಿದ್ದರು. ಜುಲೈ ಮಧ್ಯದಲ್ಲಿ ನಿಜವಾಗಿ ಕೆಲಸದಲ್ಲಿದ್ದವರು ನಾಲ್ಕು ಸಾವಿರದ ಆಸುಪಾಸು. ಪಟ್ಟಿಯಲ್ಲಿರುವ ಹೆಸರಿಗೂ ಗೇಟಿನಲ್ಲಿರುವ ಕಾಲಿಗೂ ಇರುವ ವ್ಯತ್ಯಾಸವನ್ನು ಕೊನೆಯ ಹದಿನೈದು ದಿನದವರೆಗೆ ಯಾರೂ ಎಣಿಸಿರಲಿಲ್ಲ.

ಆ ಬೇಸಿಗೆಯಲ್ಲಿ ನಾನು ಲಂಡನ್ನಿನಲ್ಲಿದ್ದೆ. ಮಗಳು ಈಸ್ಟ್ ಹ್ಯಾಮಿನಲ್ಲಿ ಮನೆ ಮಾಡಿದ್ದಳು. ಕೊಡಗಿನಿಂದ ಹೋದವನು ಹಾಕಿ ನೋಡದೆ ಬರುವುದುಂಟೇ ಎಂದು ಭಾರತದ ಒಂದು ಪಂದ್ಯಕ್ಕೆ ಟಿಕೆಟ್ ಕೊಡಿಸಿದ್ದಳು. ರಿವರ್‌ಬ್ಯಾಂಕ್ ಅರೆನಾದ ಗೇಟಿನಲ್ಲಿ ನನ್ನ ಚೀಲ ತೆರೆದವನು ಕಂಪನಿಯ ಕಾವಲುಗಾರನಲ್ಲ, ಬಿಸಿಲಿಗೆ ಕೆಂಪಾದ ಮುಖದ, ಇಪ್ಪತ್ತೆರಡು ವರ್ಷ ದಾಟಿರದ ಒಬ್ಬ ಸೈನಿಕ. ನೀರಿನ ಬಾಟಲಿಯನ್ನು ಖಾಲಿ ಮಾಡಿಸಿದ. ಸ್ಟೀಲಿನ ಡಬ್ಬಿಯ ಮುಚ್ಚಳ ತೆಗೆದು ಅಕ್ಕಿರೊಟ್ಟಿಯನ್ನು ನೋಡಿ, ಇದೇನೆಂದು ಕೇಳಿ, ಮುಚ್ಚಳವನ್ನು ಸರಿಯಾಗಿ ಒತ್ತಿ ಮುಚ್ಚಿ ಕೈಗೆ ಕೊಟ್ಟ. ಮಗಳು ಮಾತಿಗೆಳೆದಾಗ, ರಜೆ ರದ್ದಾಯಿತೆಂದೂ ತಾನಿರುವುದು ಒಂದು ಹಳೆಯ ಗೋದಾಮಿನಲ್ಲಿ ಸಾಲಾಗಿ ಹಾಕಿರುವ ಮಂಚಗಳಲ್ಲೊಂದರಲ್ಲೆಂದೂ ನಗುತ್ತಲೇ ಹೇಳಿದ. ಸೈನಿಕನ ರಜೆ ಎಂದರೇನೆಂಬುದನ್ನು ನಮ್ಮ ಜಿಲ್ಲೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಹುತ್ತರಿಗೆ ಬರುತ್ತೇನೆಂದು ಕಾಗದ ಬರೆದ ಮಗ ಬಾರದ ಮನೆಗಳು ಇಲ್ಲಿ ಊರಿಗೆ ನಾಲ್ಕಿವೆ. ಒಂದು ಖಾಸಗಿ ಕರಾರಿನ ಲೋಪವನ್ನು ತುಂಬಿಕೊಟ್ಟದ್ದು ಆ ಹುಡುಗನ ರಜೆ ಎಂಬುದು, ಒಳಗೆ ಹೋಗಿ ನೀಲಿ ಟರ್ಫಿನ ಮೇಲೆ ಹಳದಿ ಚೆಂಡು ಓಡುವುದನ್ನು ನೋಡುವಾಗಲೂ ತಲೆಯಿಂದ ಹೋಗಲಿಲ್ಲ. (ನಮ್ಮ ರಘುನಾಥ್, ಸುನಿಲ್, ಉತ್ತಪ್ಪ ಮೂವರೂ ಇದ್ದ ಆ ತಂಡ ಕೂಟದಲ್ಲಿ ಆಡಿದ ಪಂದ್ಯಗಳನ್ನೆಲ್ಲ ಸೋತು ಹನ್ನೆರಡನೆಯ ಸ್ಥಾನಕ್ಕಿಳಿದ ಸಂಕಟ ಬೇರೆಯೇ, ಅದನ್ನು ಇಲ್ಲಿ ಬರೆಯುವುದಿಲ್ಲ.)

ಸೈನಿಕರು ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ, ಸರ್ಕಾರಿ ಇಲಾಖೆಗಳು ಖಾಸಗಿಯವರನ್ನು ನೋಡಿ ಕಲಿಯಬೇಕೆಂಬ ಪೂರ್ವಗ್ರಹದಿಂದಲೇ ತಾನು ಈ ಖಾತೆಗೆ ಬಂದಿದ್ದೆನೆಂದೂ ಈ ಪ್ರಕರಣ ಆ ನಂಬಿಕೆಯನ್ನು ಅಲುಗಾಡಿಸಿತೆಂದೂ ರಕ್ಷಣಾ ಸಚಿವ ಫಿಲಿಪ್ ಹ್ಯಾಮಂಡ್ ಕೂಟದ ನಂತರ ಪತ್ರಿಕೆಯೊಂದಕ್ಕೆ ಹೇಳಿದರು. ನನಗೆ ಅಷ್ಟು ದೂರ ಹೋಗುವ ಮನಸ್ಸಿಲ್ಲ. ಕಟ್ಟಿದವರೂ ಖಾಸಗಿಯವರೇ, ಕೈಕೊಟ್ಟವರೂ ಖಾಸಗಿಯವರೇ. ಕಟ್ಟುವವರ ತಲೆಯ ಮೇಲೆ ವಾರವಾರವೂ ಅಳತೆ ಹಿಡಿದು ನಿಂತ ಒಂದು ಪ್ರಾಧಿಕಾರವಿತ್ತು, ಕಾಯುವವರ ತಲೆಯ ಮೇಲೆ ಅಂಥದ್ದು ಇರಲಿಲ್ಲ.

ನಮ್ಮ ಕಡೆಯ ಲೆಕ್ಕ ನೋಡಿದರೆ ಇದು ತಲೆಕೆಳಗು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಕಟ್ಟುವವರು ಹತ್ತಾರು ಮಂದಿ: ಒಂದು ಕ್ರೀಡಾಂಗಣ ಕೇಂದ್ರ ಲೋಕೋಪಯೋಗಿಯದು, ಇನ್ನೊಂದು ದೆಹಲಿ ಅಭಿವೃದ್ಧಿ ಪ್ರಾಧಿಕಾರದ್ದು, ಮತ್ತೊಂದು ನವದೆಹಲಿ ನಗರಸಭೆಯದು. ಕೂಟಕ್ಕೆ ಎರಡು ವಾರ ಕೂಡ ಉಳಿಯದಿದ್ದಾಗ, ಸೆಪ್ಟೆಂಬರ್ 21ರಂದು, ಜವಾಹರಲಾಲ್ ನೆಹರೂ ಕ್ರೀಡಾಂಗಣದ ಬಳಿ ಕಟ್ಟುತ್ತಿದ್ದ ಪಾದಚಾರಿ ಮೇಲ್ಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಮರುದಿನ ವೇಟ್‌ಲಿಫ್ಟಿಂಗ್ ಒಳಾಂಗಣದ ಚಾವಣಿಯ ಹಲಗೆಗಳು ಉದುರಿದವು. ಆಗ ನಮ್ಮ ಸೈನ್ಯದ ಎಂಜಿನಿಯರುಗಳು ಬಂದು ಕೆಲವೇ ದಿನಗಳಲ್ಲಿ ಬೈಲಿ ಸೇತುವೆ ನಿಲ್ಲಿಸಿಕೊಟ್ಟರು. ದೆಹಲಿಯಲ್ಲಿ ಕಟ್ಟಿದ್ದು ಬಿದ್ದು ಸೈನ್ಯ ಬಂತು, ಲಂಡನ್ನಿನಲ್ಲಿ ಕಾವಲು ಬಿದ್ದು ಸೈನ್ಯ ಬಂತು.

ಅಹಮದಾಬಾದಿನಲ್ಲಿ ಕಟ್ಟಡ ಬೀಳುವ ಭಯ ನನಗೆ ಅಷ್ಟಾಗಿ ಇಲ್ಲ. 1,32,000 ಜನ ಕೂರುವ ನರೇಂದ್ರ ಮೋದಿ ಕ್ರೀಡಾಂಗಣ ಆಗಲೇ ನಿಂತಿದೆ. ಅದರ ವಿನ್ಯಾಸ ಲಂಡನ್ನಿನ ಕ್ರೀಡಾಂಗಣವನ್ನು ರೂಪಿಸಿದ ಪಾಪ್ಯುಲಸ್ ಸಂಸ್ಥೆಯದೇ. ನನ್ನ ಭಯವೆಲ್ಲ ಗೇಟಿನದು. 2025ರ ಜೂನ್ 3ರ ರಾತ್ರಿ ಅದೇ ಅಹಮದಾಬಾದಿನಲ್ಲಿ ನಮ್ಮ ಬೆಂಗಳೂರಿನ ತಂಡ ಐಪಿಎಲ್ ಗೆದ್ದಿತು; ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹತ್ತಿರ ಹನ್ನೊಂದು ಮಂದಿ ಕಾಲ್ತುಳಿತಕ್ಕೆ ಸಿಕ್ಕು ಸತ್ತರು. ಕ್ರೀಡಾಂಗಣದ ಒಂದು ಇಟ್ಟಿಗೆಯೂ ಅಲುಗಿರಲಿಲ್ಲ. ಗ್ಯಾಲರಿ ಗಟ್ಟಿಯಾಗಿತ್ತು, ತಾರಸಿ ಗಟ್ಟಿಯಾಗಿತ್ತು. ಒಳಗೆ ಹಿಡಿಯುವ ಜನ ಸುಮಾರು 35 ಸಾವಿರ, ಹೊರಗೆ ಬಂದು ನಿಂತವರು ಲಕ್ಷಗಟ್ಟಲೆ. ಯಾವ ಗೇಟನ್ನು ಯಾವಾಗ, ಯಾರು ತೆರೆಯಬೇಕೆಂಬುದು ಆ ಹೊತ್ತಿನಲ್ಲಿ ಒಬ್ಬರ ತಲೆಯಲ್ಲೂ ಸ್ಪಷ್ಟವಿರಲಿಲ್ಲ. ಆಮೇಲೆ ತಂಡದವರು, ಕ್ರಿಕೆಟ್ ಸಂಸ್ಥೆಯವರು, ಪೊಲೀಸರು, ಸರ್ಕಾರದವರು ಬೊಟ್ಟು ಮಾಡಿದ್ದೆಲ್ಲ ಒಬ್ಬರು ಇನ್ನೊಬ್ಬರ ಕಡೆಗೆ.

ಇದನ್ನು ಬರೆಯುವಾಗ ನನ್ನದೇ ಒಂದು ನೆನಪು ಚುಚ್ಚುತ್ತದೆ. ಕೊಡಗಿನಲ್ಲಿ 1997ರಿಂದ ವರ್ಷಕ್ಕೊಂದು ಕುಟುಂಬ ಹೊಣೆ ಹೊತ್ತು ನಡೆಸುತ್ತ ಬಂದಿರುವ ಹಾಕಿ ಹಬ್ಬದಂಥ ಕೂಟಗಳಿಗೆ ಕಬ್ಬಿಣದ ಕಂಬ, ಹಲಗೆಗಳ ತಾತ್ಕಾಲಿಕ ಗ್ಯಾಲರಿ ಹಾಕುತ್ತಾರೆ. ಅಂಥ ಗ್ಯಾಲರಿ ಭದ್ರವಾಗಿದೆಯೆಂಬ ಪ್ರಮಾಣಪತ್ರಕ್ಕೆ ಸೇವೆಯಲ್ಲಿದ್ದಾಗ ನಾನೂ ಸಹಿ ಮಾಡಿದ್ದೇನೆ. ಸಂಜೆ ಹೋಗಿ ಒಂದೊಂದು ಬೋಲ್ಟನ್ನೂ ಸ್ಪ್ಯಾನರ್ ಹಾಕಿ ನೋಡಿ, ಊರಿನ ಇಪ್ಪತ್ತು ಹುಡುಗರನ್ನು ಮೇಲಿನ ಸಾಲಿಗೆ ಹತ್ತಿಸಿ, ಒಟ್ಟಿಗೆ ಕುಣಿಯಿರೆಂದು ಹೇಳಿ, ಕೆಳಗೆ ನಿಂತು ಕಂಬಗಳ ಬುಡ ನೋಡುತ್ತಿದ್ದೆ. ಒಂದು ಸಲ ಬೇರೊಂದು ಜಿಲ್ಲೆಯ ಕ್ರೀಡಾಕೂಟದಲ್ಲಿ ಇದೇ ಪರೀಕ್ಷೆ ಮುಗಿಸಿ ಸಹಿ ಹಾಕಿದ ಮಾರನೆಯ ದಿನ ಗೇಟಿಗೆ ಹೋದರೆ, ಏಜೆನ್ಸಿಯೊಂದು ನಲವತ್ತು ಕಾವಲುಗಾರರನ್ನು ಕೊಡುತ್ತೇನೆಂದು ಒಪ್ಪಿದ್ದ ಕಡೆ ಹದಿನಾಲ್ಕು ಮಂದಿ ನಿಂತಿದ್ದರು. ಅವರಲ್ಲಿ ಇಬ್ಬರು ಎದುರಿನ ಹೋಟೆಲಿನ ಹುಡುಗರು. ಕೊಟ್ಟ ಷರಟಿನ ತೋಳು ಉದ್ದವಾಗಿ ಬೆರಳುಗಳನ್ನೆಲ್ಲ ಮುಚ್ಚಿಕೊಂಡಿತ್ತು. ಹಾಜರಿ ಪಟ್ಟಿಯಲ್ಲಿ ಮಾತ್ರ ನಲವತ್ತೂ ಸಹಿಗಳು. ಅದೃಷ್ಟಕ್ಕೆ ಅಂದು ಮಳೆ ಬಂದು ಜನ ಸೇರಲಿಲ್ಲ. ಗ್ಯಾಲರಿಗೆ ನನ್ನ ಸಹಿ ಇತ್ತು; ಗೇಟಿಗೆ ಯಾರ ಸಹಿ ಇದೆಯೆಂದು ಅಂದು ನಾನೂ ಕೇಳಲಿಲ್ಲ. ಅದು ನನ್ನ ಕೆಲಸವಲ್ಲ ಎಂದುಕೊಂಡು ಮನೆಗೆ ಬಂದೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ 2005ರಿಂದಲೇ ಇದೆ; ಏಜೆನ್ಸಿಗೆ ರಾಜ್ಯದ ಪರವಾನಗಿ ಬೇಕು, ಕಾವಲುಗಾರನಿಗೆ ತರಬೇತಿ ಬೇಕು ಎಂದು ಅದು ಹೇಳುತ್ತದೆ. ಆದರೆ ನಮ್ಮ ಅಪಾರ್ಟ್‌ಮೆಂಟುಗಳ, ಎಟಿಎಂಗಳ ಬಾಗಿಲಲ್ಲಿ ಹನ್ನೆರಡು ಗಂಟೆ ಪಾಳಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತೂಕಡಿಸುವ ವೃದ್ಧರಲ್ಲಿ ಎಷ್ಟು ಜನ ಆ ತರಬೇತಿ ಕಂಡಿದ್ದಾರೆಂದು ಓದುಗರೇ ಊಹಿಸಬಹುದು. ಒಂದು ಅಂತರರಾಷ್ಟ್ರೀಯ ಕೂಟಕ್ಕೆ ಸಾವಿರಾರು ಕಾವಲುಗಾರರು ಇದ್ದಕ್ಕಿದ್ದಂತೆ ಬೇಕಾದಾಗ, ಗುತ್ತಿಗೆದಾರ ಉಪಗುತ್ತಿಗೆದಾರನಿಗೆ, ಅವನು ಮತ್ತೊಬ್ಬನಿಗೆ ದಾಟಿಸುತ್ತ ಹೋಗಿ ಕಡೆಗೆ ಗೇಟಿಗೆ ಬರುವುದು ಇದೇ ಜನ. ಜನರ ಮೇಲೆ ಕೂಗಾಡುವುದನ್ನು ಬಿಟ್ಟರೆ ನುಗ್ಗಿ ಬರುವ ಗುಂಪನ್ನು ಸಾಲಿಗೆ ತಿರುಗಿಸುವುದನ್ನು ಅವರಿಗೆ ಯಾರೂ ಕಲಿಸಿಲ್ಲ, ಅದರ ತಪ್ಪು ಅವರದೂ ಅಲ್ಲ.

ಹಾಗಾಗಿ ನನ್ನ ಕೋರಿಕೆ ಬಹಳ ಸರಳವಾದದ್ದು. 2030ರ ಕೂಟಕ್ಕೆ ಕಟ್ಟುವ ಹೊಣೆಯನ್ನು ಒಂದೇ ಪ್ರಾಧಿಕಾರಕ್ಕೆ ಕಾಯ್ದೆಯ ಮೂಲಕ ಕೊಡಬೇಕು. ಅದೇ ಪ್ರಾಧಿಕಾರ ಒಂದು ಕ್ರೀಡಾಂಗಣದ ನಕ್ಷೆಗೆ ಒಪ್ಪಿಗೆ ಕೊಡುವ ದಿನವೇ, ಆ ನಕ್ಷೆಯಲ್ಲಿ ಎಷ್ಟು ಬಾಗಿಲಿವೆ, ಒಂದೊಂದರಿಂದ ಗಂಟೆಗೆ ಎಷ್ಟು ಜನ ಹಾಯಬಹುದು, ಅಲ್ಲಿ ಎಷ್ಟು ಮಂದಿ ನಿಲ್ಲಬೇಕು ಎಂಬುದನ್ನೂ ಬರೆಸಿಕೊಳ್ಳಬೇಕು. ಆ ಮೇಲೆ ಬಾಗಿಲ ಸಂಖ್ಯೆ ಬದಲಾಗಬಾರದೆಂದಲ್ಲ. ಬದಲಾದರೆ ಕಾವಲಿನ ಲೆಕ್ಕವೂ ಅಂದೇ ಬದಲಾಗಬೇಕು. ಭದ್ರತಾ ಕಂಪನಿಗೆ ಹಣ ಕೊಡುವಾಗ ನೇಮಕಾತಿಯ ಪಟ್ಟಿಯನ್ನು ನೋಡಿ ಕೊಡಬಾರದು. ರಸ್ತೆ ಕೆಲಸಕ್ಕೆ ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಬರೆಯದೆ ನಾವು ಬಿಲ್ ಪಾಸು ಮಾಡುತ್ತೇವೆಯೇ? ಹಾಗೆಯೇ ಕೂಟಕ್ಕೆ ಮುಂಚಿನ ವರ್ಷ ನಡೆಯುವ ಒಂದೊಂದು ಪರೀಕ್ಷಾ ಪಂದ್ಯದಲ್ಲೂ ಪೂರ್ಣ ಸಂಖ್ಯೆಯ ಕಾವಲುಗಾರರನ್ನು ಗೇಟಿನಲ್ಲಿ ನಿಲ್ಲಿಸಿ, ಕಂಪನಿಗೆ ಸೇರದ ಒಬ್ಬ ಅಧಿಕಾರಿ ತಲೆ ಎಣಿಸಿ ಬರೆದದ್ದೇ ಬಿಲ್ಲಿಗೆ ಆಧಾರವಾಗಬೇಕು. ಇದಕ್ಕೆ ಖರ್ಚಾಗುತ್ತದೆ, ನಿಜ. ತರಬೇತಾದವರನ್ನು ಕೂಟದವರೆಗೆ ಸಂಬಳ ಕೊಟ್ಟು ಇಟ್ಟುಕೊಳ್ಳುವ ಆ ಖರ್ಚನ್ನು ಮೊದಲೇ ಅಂದಾಜಿಗೆ ಸೇರಿಸದಿದ್ದರೆ, ಆಗ ಮತ್ತೆ ಯಾರದೋ ಮಗನ ರಜೆ ರದ್ದಾಗುತ್ತದೆ.

2036ರ ಒಲಿಂಪಿಕ್ಸನ್ನೂ ಕೇಳಿ 2024ರ ಅಕ್ಟೋಬರಿನಲ್ಲೇ ನಮ್ಮ ದೇಶ ಪತ್ರ ಬರೆದಿದೆ; 2030ರ ಕೂಟವನ್ನು ಎಲ್ಲರೂ ಅದರ ತಾಲೀಮೆಂದೇ ಹೇಳುತ್ತಿದ್ದಾರೆ. ಅಹಮದಾಬಾದಿನ ಸಂಘಟಕರು ಮುಂದಿನ ಸಲ ಪತ್ರಿಕಾಗೋಷ್ಠಿ ಕರೆದಾಗ, ಆಸನಗಳೆಷ್ಟು ಎಂದು ಕೇಳಿದ ಮೇಲೆ ನಿಮ್ಮ ವರದಿಗಾರರು ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಗೇಟುಗಳೆಷ್ಟು, ಅವುಗಳಿಗೆ ಸಹಿ ಹಾಕುವ ಅಧಿಕಾರಿಯ ಹುದ್ದೆ ಯಾವುದು? ಅವರು ಕೊಡುವ ಉತ್ತರವನ್ನು, ಅಥವಾ ಉತ್ತರ ಕೊಡದಿದ್ದರೆ ಕೊಡಲಿಲ್ಲವೆಂಬುದನ್ನು, ದಯವಿಟ್ಟು ಪ್ರಕಟಿಸಿ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಎಂಜಿನಿಯರ್, ಮಡಿಕೇರಿ